ಎರಡು ಗಂಟೆ, ಮೂರು ಹಣೆಪಟ್ಟಿ, ಒಂದು ಬಿಲ್ಲು

ನಮ್ಮ ಮನೆಯಿಂದ ಹೋದದ್ದು 68,320 ರೂಪಾಯಿ. ಲೆಕ್ಕಪತ್ರ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ಮೊತ್ತದಿಂದಲೇ ಶುರು ಮಾಡುತ್ತಿದ್ದೇನೆ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಆಟಿಸಂ (ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವುದು), ಓದುಬರಹದ ತೊಂದರೆ ಇವೆಯೇ ಎಂದು ಪರೀಕ್ಷಿಸಿ ಹೇಳುವ ಖಾಸಗಿ ಕೇಂದ್ರಗಳು ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಟ್ಯೂಷನ್ ಕ್ಲಾಸುಗಳಂತೆ ಕಾಣಿಸಿಕೊಳ್ಳುತ್ತಿವೆ. ಅಂಥದ್ದೊಂದರಲ್ಲಿ ನಾವು ಎಡವಿದೆವು. ಪ್ರಕರಣ ಗ್ರಾಹಕರ ಆಯೋಗದಲ್ಲಿರುವುದರಿಂದ ಕೇಂದ್ರದ ಹೆಸರು ಬರೆಯುವುದಿಲ್ಲ.

ಮಗನಿಗೆ ಆಗ ಒಂಬತ್ತು ವರ್ಷ. ಮೂರನೆಯ ತರಗತಿ ಮುಗಿಯುವವರೆಗೂ ಸಾಗರದಲ್ಲಿ ನನ್ನ ತವರಿನಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿದವನು. ಜೂನ್‌ನಲ್ಲಿ ಇಲ್ಲಿಗೆ ಕರೆತಂದು ಇಂಗ್ಲಿಷ್ ಮಾಧ್ಯಮದ ನಾಲ್ಕನೆಯ ತರಗತಿಗೆ ಸೇರಿಸಿದೆವು. ದಸರಾ ರಜೆ ಮುಗಿಯುವ ಹೊತ್ತಿಗೆ ಅವನ ಡೈರಿಯ ತುಂಬ ಕೆಂಪು ಶಾಯಿ. ಬೋರ್ಡಿನ ಮೇಲಿನದ್ದನ್ನು ಬರೆದುಕೊಳ್ಳುವುದಿಲ್ಲ, ಕಿಟಕಿಯಾಚೆ ನೋಡುತ್ತಾನೆ, ಪೆನ್ಸಿಲ್ ಡಬ್ಬಿಯನ್ನು ಮೂರನೆಯ ಸಲ ಕಳೆದಿದ್ದಾನೆ. ಶಾಲೆಯ ಆಪ್ತಸಮಾಲೋಚಕಿ ಒಂದು ಚೀಟಿಯಲ್ಲಿ ಕೇಂದ್ರದ ಹೆಸರು ಬರೆದುಕೊಟ್ಟರು. ನಿಮ್ಹಾನ್ಸ್‌ಗೆ ಹೋಗೋಣ ಎಂದು ನಮ್ಮ ಮನೆಯವರು ಹೇಳಿದ್ದರು. ಬೇಡವೆಂದವಳು ನಾನೇ. ಸರದಿ ಉದ್ದ ಎಂಬುದು ನಾನು ಕೊಟ್ಟ ಕಾರಣ. ಅಲ್ಲಿ ಯಾರಾದರೂ ಪರಿಚಯದವರು ನೋಡಿದರೆ ಏನೆಂದುಕೊಂಡಾರು ಎಂಬುದು ಹೇಳದೆ ಉಳಿಸಿಕೊಂಡ ಕಾರಣ.

ಕೇಂದ್ರ ಇದ್ದದ್ದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಗಾಜಿನ ಬಾಗಿಲು, ಬಣ್ಣಬಣ್ಣದ ಮೆತ್ತೆಗಳು, ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು. ದರಪಟ್ಟಿ ಹೋಟೆಲಿನ ಮೆನುವಿನಂತಿತ್ತು. ಎಡಿಎಚ್‌ಡಿ ಒಂದಕ್ಕೆ ಇಷ್ಟು, ಆಟಿಸಂಗೆ ಇಷ್ಟು, ಕಲಿಕಾ ನ್ಯೂನತೆಗೆ ಇಷ್ಟು, ಮೂರನ್ನೂ ಒಟ್ಟಿಗೆ ಮಾಡಿಸಿದರೆ 24,000. ಊಟ ತೆಗೆದುಕೊಂಡರೆ ಇಡ್ಲಿಗಿಂತ ಲಾಭ ಎನ್ನುವ ಹಾಗೆ ನಾನು ಮೂರನ್ನೂ ತೆಗೆದುಕೊಂಡೆ. ಮಗುವನ್ನು ಇನ್ನೂ ಯಾರೂ ನೋಡಿರಲಿಲ್ಲ. ಏನನ್ನು ಹುಡುಕಬೇಕು ಎಂಬುದನ್ನು ಸ್ವಾಗತದ ಮೇಜಿನಲ್ಲಿ ಕುಳಿತಿದ್ದ ಹುಡುಗಿ ತೀರ್ಮಾನಿಸಿಯಾಗಿತ್ತು.

ಎಲ್ಲವೂ ಎರಡು ಗಂಟೆಯಲ್ಲಿ ಮುಗಿಯಿತು. ಒಳಗೆ ಅವನಿಗೆ ಬುದ್ಧಿಮಟ್ಟದ ಪರೀಕ್ಷೆ ಮತ್ತು ಇಂಗ್ಲಿಷ್ ಓದು. ಹೊರಗೆ ನನ್ನ ಕೈಗೆ ಒಂದು ಟ್ಯಾಬ್ಲೆಟ್, ಅದರಲ್ಲಿ ಗುರುತು ಹಾಕುವ ಪ್ರಶ್ನೆಗಳು. ‘ಮಗು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತದೆಯೇ?’ ಎಂಬುದಕ್ಕೆ ‘ಕೆಲವೊಮ್ಮೆ’ ಎಂದು ಒತ್ತಿದ್ದು ನೆನಪಿದೆ. ಬೈಸಿಕೊಳ್ಳುವಾಗ ಯಾವ ಮಗು ಕಣ್ಣಲ್ಲಿ ಕಣ್ಣಿಡುತ್ತದೆ? ಆ ಮೇಲೆ ಅವನ ತಲೆಗೆ ತಂತಿಗಳ ಟೋಪಿ ಹಾಕಿ ‘ಬ್ರೈನ್ ಮ್ಯಾಪಿಂಗ್’ ಮಾಡಿದರು. ಹತ್ತೂ ಬೆರಳುಗಳ ಅಚ್ಚು ತೆಗೆದುಕೊಂಡರು. ಅದು ಉಚಿತ ಕೊಡುಗೆಯಂತೆ, ಹುಟ್ಟು ಪ್ರತಿಭೆಯನ್ನು ತಿಳಿಸುತ್ತದೆಯಂತೆ. ಬೆರಳಚ್ಚಿನಿಂದ ಬುದ್ಧಿ ಅಳೆಯುವ ಈ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ನಾನು ಅದನ್ನು ಓದಿದ್ದು ಬಹಳ ತಡವಾಗಿ.

ಸಂಜೆಯೊಳಗೆ ಹದಿನಾಲ್ಕು ಪುಟಗಳ ವರದಿ ಬಂತು. ಎಡಿಎಚ್‌ಡಿ ಇದೆ, ಸೌಮ್ಯ ಆಟಿಸಂ ಇದೆ, ಡಿಸ್ಲೆಕ್ಸಿಯಾ, ಅಂದರೆ ಓದಿನ ಕಲಿಕಾ ನ್ಯೂನತೆ, ಇದೆ. ಕೇಳಿದ ಮೂರೂ ಸಿಕ್ಕಿದ್ದವು.

ವರದಿ ವಿವರಿಸಿದವರು ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಪರದೆಯ ಮೇಲೆ ಮೆದುಳಿನ ಬಣ್ಣದ ಚಿತ್ರ ತೋರಿಸಿ, ‘ನೋಡಿ ಮೇಡಂ, ಈ ಕೆಂಪು ಜಾಗ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದರು. ಆ ರಾತ್ರಿ ದೀಪ ಆರಿಸಿದ ಮೇಲೆ ಅವನು ಕೇಳಿದ: ‘ಅಮ್ಮಾ, ನನ್ನ ತಲೆಯೊಳಗೆ ಕೆಂಪಾಗಿದೆಯಲ್ಲ, ಅದು ಗಾಯವೇ?’ ಗಾಯವಲ್ಲ ಮಲಗು ಎಂದೆ. ಮಲಗಲಿಲ್ಲ. ಮುಂದೆ ಬಹಳ ದಿನ ಸ್ನಾನಕ್ಕೆ ಹೋದಾಗ ತಲೆಗೆ ನೀರು ಹಾಕಿಸಿಕೊಳ್ಳಲು ಹೆದರುತ್ತಿದ್ದ. ಗಣಿತದಲ್ಲಿ ಒಂದು ತಪ್ಪಾದರೆ ‘ಕೆಂಪಿನಿಂದ ಆಯಿತು’ ಎನ್ನುತ್ತಿದ್ದ. ಎಡಿಎಚ್‌ಡಿ ಇದೆಯೋ ಇಲ್ಲವೋ ಎಂಬುದನ್ನು ಅಂಥ ಮೆದುಳಿನ ಅಲೆಗಳ ಚಿತ್ರವೊಂದರಿಂದಲೇ ನಿರ್ಧರಿಸಲು ಬರುವುದಿಲ್ಲ. ಮಗುವಿನ ನಡವಳಿಕೆಯ ಚರಿತ್ರೆಯನ್ನು ಕೇಳಿ, ನೋಡಿ, ತಾಳೆ ಹಾಕಿ ತಿಳಿಯಬೇಕಾದ ಸಂಗತಿ ಅದು. ಆದರೆ ಬಣ್ಣದ ಚಿತ್ರದ ಮುಂದೆ ಕುಳಿತ ತಾಯಿಗೆ ಇದನ್ನೆಲ್ಲ ಯಾರು ಹೇಳಬೇಕು?

ಹೆದರಿಕೆಯ ಹಿಂದೆಯೇ ಪ್ಯಾಕೇಜ್ ಬಂತು. ಆರು ತಿಂಗಳ ಥೆರಪಿಗೆ 1,44,000. ‘ಹತ್ತು ವರ್ಷ ದಾಟಿದರೆ ಮೆದುಳಿನ ಬಾಗಿಲು ಮುಚ್ಚುತ್ತದೆ’ ಎಂದರು. ಅವನ ಹುಟ್ಟುಹಬ್ಬಕ್ಕೆ ಏಳು ತಿಂಗಳಿತ್ತು. 40,000 ಮುಂಗಡ ಕಟ್ಟಿದೆ. ಹೊರಡುವಾಗ ಇನ್ನೊಂದು ಮಾತು: ‘ಇದು ವಂಶದಲ್ಲಿ ಬರುತ್ತದೆ. ನೀವಿಬ್ಬರೂ ಮಾಡಿಸಿಕೊಳ್ಳಿ, ದಂಪತಿಗೆ ರಿಯಾಯಿತಿ ಇದೆ.’ ಆರು ಪ್ರಶ್ನೆಗಳ ಒಂದು ಹಾಳೆಯನ್ನು ಅಲ್ಲಿಯೇ ತುಂಬಿಸಿ ನನಗೂ ‘ತೀವ್ರ ಎಡಿಎಚ್‌ಡಿ’ ಎಂದು ನಗುತ್ತ ಹೇಳಿದರು.

ಒಂದು ತಿಂಗಳು ಥೆರಪಿಗೆ ಕರೆದೊಯ್ದೆ. ಮಣಿ ಪೋಣಿಸುವುದು, ಬಲೂನ್ ಒಡೆಯುವುದು. ಒಂದು ಭಾನುವಾರ ವರದಿಯನ್ನು ಕಚೇರಿಯ ಕಾಗದಗಳನ್ನು ಓದುವ ಹಾಗೆ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದೆ. ನಾಲ್ಕನೆಯ ಪುಟದಲ್ಲಿ ನನ್ನ ಮಗ ಹೆಣ್ಣಾಗಿದ್ದ. ಆರನೆಯ ಪುಟದಲ್ಲಿ ಎಡಗೈಯವನಾಗಿದ್ದ. ಬೇರೆ ಯಾವುದೋ ಮಗುವಿನ ವರದಿಯ ಮೇಲೆ ಇವನ ಹೆಸರು ಅಂಟಿಸಿದ್ದರು. ಸಹಿ ಶಾಯಿಯದ್ದಾಗಿರಲಿಲ್ಲ, ಸ್ಕ್ಯಾನ್ ಮಾಡಿದ ಚಿತ್ರ. ಅದರ ಕೆಳಗಿದ್ದ ನೋಂದಣಿ ಸಂಖ್ಯೆಯನ್ನು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಜಾಲತಾಣದಲ್ಲಿ ಹುಡುಕಿದೆ. ಸಂಖ್ಯೆ ನಿಜವಾದದ್ದೇ. ಆದರೆ ಅದು ವಿಶೇಷ ಶಿಕ್ಷಕಿಯೊಬ್ಬರದು. ವಿಶೇಷ ಶಿಕ್ಷಕರ ಬಗ್ಗೆ ನನಗೆ ಅಪಾರ ಗೌರವವಿದೆ, ಮಗನಿಗೆ ಇಂದು ಓದಿಸುತ್ತಿರುವವರೂ ಅಂಥ ಒಬ್ಬರೇ. ಆದರೆ ಬುದ್ಧಿಮಟ್ಟ ಅಳೆದು ರೋಗನಿರ್ಣಯಕ್ಕೆ ಸಹಿ ಹಾಕುವುದು ಅವರ ಕೆಲಸವಲ್ಲ. ಅದಕ್ಕೆ ಅದೇ ಪರಿಷತ್ತಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಾಯಿಸಿಕೊಂಡವರು ಅಥವಾ ಮನೋವೈದ್ಯರು ಬೇಕು.

ಬಿಲ್ಲನ್ನು ಆಗ ತೆಗೆದು ನೋಡಿದೆ. ನನ್ನ ಕಣ್ಣಿಗೆ ಮೊದಲ ದಿನವೇ ಹೊಡೆಯಬೇಕಾಗಿದ್ದ ಸಂಗತಿ ಅಲ್ಲಿತ್ತು. 24,000ದ ಮೇಲೆ ಶೇಕಡಾ 18ರಂತೆ 4,320 ಜಿಎಸ್‌ಟಿ, ಸೇವೆಯ ಹೆಸರು ‘ಸಲಹೆ ಮತ್ತು ಕೌಶಲಾಭಿವೃದ್ಧಿ’. ವೈದ್ಯರೂ ಕ್ಲಿನಿಕ್‌ಗಳೂ ಮಾಡುವ ರೋಗನಿರ್ಣಯಕ್ಕೆ, ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ತಾವು ಚಿಕಿತ್ಸಾಲಯವಲ್ಲ ಎಂದು ತೆರಿಗೆ ಇಲಾಖೆಗೆ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದರು. ನಮಗೆ ಮಾತ್ರ ಹೇಳಿರಲಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆ ತನ್ನ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಮರುದಿನ ಹೋಗಿ ಗೋಡೆಯ ಮೇಲಿನ ಚೌಕಟ್ಟುಗಳನ್ನೆಲ್ಲ ಓದಿದೆ. ಅದೊಂದು ಇರಲಿಲ್ಲ.

ಇವೆಲ್ಲವುಗಳಿಗಿಂತ ನನ್ನನ್ನು ಉರಿಸಿದ್ದು ಭಾಷೆಯ ವಿಷಯ. ಐದು ತಿಂಗಳ ಹಿಂದೆ ಇಂಗ್ಲಿಷ್ ಮಾಧ್ಯಮಕ್ಕೆ ಕಾಲಿಟ್ಟ ಮಗುವಿಗೆ ಇಂಗ್ಲಿಷ್ ಓದು ಕೊಟ್ಟು, ‘ಒಂದನೆಯ ತರಗತಿಯ ಮಟ್ಟದಲ್ಲಿದ್ದಾನೆ, ಆದ್ದರಿಂದ ಡಿಸ್ಲೆಕ್ಸಿಯಾ’ ಎಂದು ಬರೆದಿದ್ದರು. ಅವನಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಅವನು ಅಜ್ಜನಿಗೆ ದಿನಪತ್ರಿಕೆಯ ತಲೆಬರಹಗಳನ್ನು ಓದಿ ಹೇಳುತ್ತಿದ್ದವನು. ಇಂಗ್ಲಿಷಿನ ಬಿ ಮತ್ತು ಡಿ ತಿರುವುಮುರುವಾಗಿದ್ದನ್ನು ದೊಡ್ಡ ಪುರಾವೆಯಂತೆ ಸುತ್ತುಹಾಕಿ ತೋರಿಸಿದ್ದರು. ಕನ್ನಡದಲ್ಲಿ ನಿಜವಾಗಿ ತೊಂದರೆ ಇರುವ ಮಗು ಒತ್ತಕ್ಷರದಲ್ಲಿ, ದೀರ್ಘದಲ್ಲಿ, ಅನುಸ್ವಾರದಲ್ಲಿ ಮುಗ್ಗರಿಸುತ್ತದೆ, ತೀರಾ ನಿಧಾನವಾಗಿ ಓದುತ್ತದೆ. ಅದನ್ನು ನೋಡಲು ಕನ್ನಡದ ಹಾಳೆಯೊಂದನ್ನು ಮುಂದಿಡಬೇಕಿತ್ತು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆಯ ಬುದ್ಧಿಮಟ್ಟದ ಪರೀಕ್ಷೆಯನ್ನು ಕಾಮತ್ ಎಂಬವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದ್ದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಪ್ರಸಿದ್ಧ. ಕನ್ನಡದ ಮಗುವನ್ನು ಕನ್ನಡದಲ್ಲಿ ಕೇಳಬೇಕು ಎಂಬುದು ತೊಂಬತ್ತು ವರ್ಷಗಳ ಹಿಂದಿನವರಿಗೆ ಹೊಳೆದಿತ್ತು, ಬೇಕರಿಯ ಮೇಲಿನ ಮಹಡಿಯವರಿಗೆ ಹೊಳೆದಿರಲಿಲ್ಲ.

ಕೊನೆಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೇ ಹೋದೆವು. ಮೊದಲ ದಿನವಿಡೀ ಕಾದದ್ದು ನಿಜ. ಮುಗಿಯಲು ಹನ್ನೊಂದು ವಾರ ಹಿಡಿದದ್ದೂ ನಿಜ. ಆದರೆ ಮೊದಲು ಹೇಳಿದ್ದು ಕಿವಿ ಮತ್ತು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು. ಕೇಳಿಸದ ಮಗುವೂ ಗಮನವಿಲ್ಲದ ಮಗುವಿನಂತೆಯೇ ಕಾಣುತ್ತದೆಯಲ್ಲ. ನಾನು ಗರ್ಭಿಣಿಯಾಗಿದ್ದಾಗಿನಿಂದ ಹಿಡಿದು ಕೇಳಿದರು. ಶಾಲೆಯ ಮಿಸ್‌ಗೆ ಬೇರೆಯೇ ಒಂದು ಪ್ರಶ್ನಾವಳಿ ಕಳುಹಿಸಿದರು, ಏಕೆಂದರೆ ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಮನೆಯಲ್ಲೂ ಶಾಲೆಯಲ್ಲೂ, ಅಂದರೆ ಕನಿಷ್ಠ ಎರಡು ಕಡೆ, ಆರು ತಿಂಗಳಾದರೂ ಕಾಣಿಸಿರಬೇಕು. ಓದನ್ನು ಎರಡೂ ಭಾಷೆಗಳಲ್ಲಿ ನೋಡಿದರು. ಮಗನೊಂದಿಗೆ ನೆಲದ ಮೇಲೆ ಕುಳಿತು ಸುಮ್ಮನೆ ಆಡಿದರು. ಆಟಿಸಂ ಇಲ್ಲ. ಡಿಸ್ಲೆಕ್ಸಿಯಾ ಇಲ್ಲ. ಎಡಿಎಚ್‌ಡಿ ಇದೆ, ಓಡಾಟದ ಬಗೆಯದಲ್ಲ, ಗಮನ ಜಾರುವ ಬಗೆಯದು.

ಆದ್ದರಿಂದ ಇದೆಲ್ಲ ಬೋಗಸ್, ನಮ್ಮ ಕಾಲದಲ್ಲಿ ಇಂಥದ್ದೇನೂ ಇರಲಿಲ್ಲ ಎನ್ನುವವರು ನನ್ನ ಕಥೆಯನ್ನು ಸಾಕ್ಷಿಗೆ ಕರೆಯಬಾರದು. ಮಗನಿಗೆ ನಿಜವಾಗಿಯೂ ನೆರವು ಬೇಕಿತ್ತು. ಆ ನೆರವನ್ನು ಕೇಂದ್ರದವರು ಎರಡು ಸುಳ್ಳುಗಳ ಕೆಳಗೆ ಹೂತಿಟ್ಟಿದ್ದರು. ಮಾತ್ರೆ ಬೇಡ, ತಮ್ಮ ಬ್ರಾಹ್ಮಿ ಪುಡಿ ಸಾಕು ಎಂದಿದ್ದರು. ಈಗ ಅವನು ಮುಂದಿನ ಬೆಂಚಿನಲ್ಲಿ ಕೂರುತ್ತಾನೆ, ಮನೆಗೆಲಸವನ್ನು ತುಂಡು ಮಾಡಿಕೊಡುತ್ತೇವೆ, ಔಷಧದ ವಿಷಯವನ್ನು ವೈದ್ಯರೊಂದಿಗೆ ಮಾತಾಡುತ್ತಿದ್ದೇವೆ. ಮೀಥೈಲ್‌ಫೆನಿಡೇಟ್ ಎಂಬ ಆ ಔಷಧ ಷೆಡ್ಯೂಲ್ ಎಕ್ಸ್ ಎಂಬ ಕಟ್ಟುನಿಟ್ಟಿನ ನಿಯಂತ್ರಣದ ಪಟ್ಟಿಯಲ್ಲಿದೆ. ವೈದ್ಯರ ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಯಾವುದೇ ‘ಕೇಂದ್ರ’ ಅದನ್ನು ಡಬ್ಬಿಯಿಂದ ತೆಗೆದುಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನನ್ನ ‘ತೀವ್ರ ಎಡಿಎಚ್‌ಡಿ’ಯ ಗತಿ ಏನಾಯಿತೆಂದು ಕೇಳಬಹುದು. ಮನೋವೈದ್ಯರನ್ನು ಕಂಡೆ. ವಯಸ್ಕರಲ್ಲಿ ಇದನ್ನು ಗುರುತಿಸಲು ಹನ್ನೆರಡು ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವೇ ಎಂದು ತಿಳಿಯಬೇಕು, ಆದ್ದರಿಂದ ಹಳೆಯ ಅಂಕಪಟ್ಟಿ ತನ್ನಿ, ನಿಮ್ಮ ತಾಯಿಯವರ ಹತ್ತಿರ ಮಾತಾಡಬೇಕು ಎಂದರು. ಫೋನಿನಲ್ಲಿ ಅಮ್ಮ ಶುರು ಮಾಡಿದರು: ‘ಹಾಲು ತರಲು ಕಳುಹಿಸಿದರೆ ಹಾಲೂ ಇಲ್ಲ, ತಂಬಿಗೆಯೂ ಇಲ್ಲ, ಕೈಯಲ್ಲಿ ಗೇರುಹಣ್ಣು ಹಿಡಿದುಕೊಂಡು ಬಂದವಳು ಇವಳು. ಆದರೆ ಓದಿನಲ್ಲಿ ಒಂದು ದಿನ ಹೇಳಿಸಿಕೊಂಡವಳಲ್ಲ.’ ವೈದ್ಯರು ನಕ್ಕರು. ಒಂದು ತಂಬಿಗೆಯಿಂದ ರೋಗನಿರ್ಣಯವಾಗುವುದಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿದ್ದೆಯ ಬಗ್ಗೆ ವಿಚಾರಿಸಿದರು. ನನಗಿದ್ದದ್ದು ಆತಂಕ, ತಿಂಗಳುಗಟ್ಟಲೆ ಕೆಟ್ಟ ನಿದ್ದೆ. ಅದರಲ್ಲಿ ಒಂದು ಪಾಲು ಆ ಕೇಂದ್ರದ್ದೇ ಕೊಡುಗೆ.

ಖಾಸಗಿಯವರೆಲ್ಲ ಹೀಗೆಯೇ ಎನ್ನುತ್ತಿಲ್ಲ. ಗೆಳತಿಯ ಮಗಳಿಗೆ ಖಾಸಗಿಯಲ್ಲೇ ಮೂರು ಭೇಟಿಗಳಲ್ಲಿ ಒಳ್ಳೆಯ ಪರೀಕ್ಷೆಯಾಗಿದೆ. ಹೋಗುವುದಾದರೆ ದುಡ್ಡು ಕಟ್ಟುವ ಮೊದಲೇ ಸಹಿ ಹಾಕುವವರ ಹೆಸರು, ನೋಂದಣಿ ಸಂಖ್ಯೆ ಕೇಳಿ, ಆರ್‌ಸಿಐ ಜಾಲತಾಣದಲ್ಲಿ ಯಾವ ವರ್ಗದಲ್ಲಿದ್ದಾರೆ ಎಂದು ನೋಡಿ. ಯಾವ ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಶಾಲೆಯಿಂದ ಏನು ತರಿಸಿಕೊಳ್ಳುತ್ತೀರಿ ಎಂದು ಕೇಳಿ. ಅದೇ ದಿನ ವರದಿ ಎಂದರೆ ಹಿಂದೆ ಸರಿಯಿರಿ. ಪರೀಕ್ಷೆ ಮಾಡುವವರೇ ಥೆರಪಿಯನ್ನೂ ಮಾರುತ್ತಿದ್ದರೆ ಇನ್ನೊಂದು ಹೆಜ್ಜೆ ಹಿಂದೆ. ಮೈಸೂರಿನ ಕಡೆಯವರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಎಲ್ಲಿಗೆ ಹೋಗಬೇಕೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ನಮ್ಮ ವರದಿಯ ಜೊತೆ ‘ಅಂಗವಿಕಲತೆ ಪ್ರಮಾಣಪತ್ರಕ್ಕೆ ಮಾನ್ಯ, ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಖಚಿತ’ ಎಂಬ ಭರವಸೆಯೂ ಬಂದಿತ್ತು. ಆ ಪ್ರಮಾಣಪತ್ರ ಕೊಡುವುದು ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರ, ಖಾಸಗಿ ಕೇಂದ್ರವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವಿಕಲತೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಕಲಿಕಾ ನ್ಯೂನತೆಗೆ ಯಾವ ಪರೀಕ್ಷೆ ಎಂಬುದನ್ನೂ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು: ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ನಮ್ಮ ಹದಿನಾಲ್ಕು ಪುಟಗಳಲ್ಲಿ ಅದರ ಹೆಸರೇ ಇರಲಿಲ್ಲ.

ಮುಂಗಡ ಹಿಂದಿರುಗಿಸಿ ಎಂದಾಗ ‘ನೀತಿಯಲ್ಲಿ ಅವಕಾಶವಿಲ್ಲ’ ಎಂಬ ಒಂದು ಸಾಲು ಬಂತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ದೂರಿಗೆ ಬೇಕಾದ ಮುಖ್ಯ ದಾಖಲೆ ನನ್ನ ಬಳಿ ಇತ್ತು. ಆ ದಿನ ಸ್ವಾಗತದ ಮೇಜಿನಲ್ಲಿ ‘ಬಿಲ್ಲು ಬೇಡವೆಂದರೆ 4,320 ಬಿಟ್ಟುಬಿಡುತ್ತೇವೆ ಮೇಡಂ’ ಎಂದಿದ್ದರು. ಕೊಡಿ, ಬಿಲ್ಲು ಬೇಕು ಎಂದಿದ್ದೆ. ಆ ಮಧ್ಯಾಹ್ನ ನಾನು ಕೆಲಸಕ್ಕೆ ತಂದುಕೊಂಡ ಬುದ್ಧಿ ಅಷ್ಟೇ.