ಗೋಡೆಯಿಂದ ಇಳಿದ ಹಿಕರಿ ಕೋಲುಗಳು: ಶಿವಾಜಿನಗರದ ಒಂದು ದುರಸ್ತಿ ಅಂಗಡಿ

ಹಿಕರಿ ಮರದ ಕಾವು (ಹಿಡಿಯಿಂದ ತಲೆಯವರೆಗಿನ ದಂಡ) ಇರುವ ಹಳೆಯ ಗಾಲ್ಫ್ ಕೋಲು ನಿಮ್ಮ ಮನೆಯ ಗೋಡೆಯ ಮೇಲೆ ಅಲಂಕಾರಕ್ಕೆಂದು ತೂಗುತ್ತಿದ್ದರೆ, ದಯವಿಟ್ಟು ಇಳಿಸಿ, ದೂಳು ಒರೆಸಿ, ಶಿವಾಜಿನಗರಕ್ಕೆ ತೆಗೆದುಕೊಂಡು ಹೋಗಿ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಸಣ್ಣ ಅಂಗಡಿಯಿದೆ. ಹಳೆಯ ಕುರ್ಚಿ ಮೇಜುಗಳಿಗೆ ಪಾಲಿಷ್ ಹಾಕುವುದು, ಹಾಕಿ ಸ್ಟಿಕ್ಕಿಗೂ ಕ್ರಿಕೆಟ್ ಬ್ಯಾಟಿನ ಹಿಡಿಗೂ ದಾರ ಸುತ್ತುವುದು ಅಲ್ಲಿನ ಕಸುಬು. ಬೋರ್ಡಿಲ್ಲ. ಯಜಮಾನರನ್ನು ಗಲ್ಲಿಯವರೆಲ್ಲ ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನನ್ನ ತಂದೆಯ ಐದು ಕೋಲುಗಳನ್ನು ಅವರು ಮತ್ತೆ ಆಡುವಂತೆ ಮಾಡಿಕೊಟ್ಟರು.

ತಂದೆ ಗಾಲ್ಫ್ ಕ್ಲಬ್ಬಿನಲ್ಲಿ ಆಟಗಾರರ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿದ್ದರು. ಉಕ್ಕಿನ ಕಾವು ಬಂದ ಮೇಲೆ ಸದಸ್ಯರು ಬೇಡವೆಂದು ಬಿಟ್ಟ ಮರದ ಕೋಲುಗಳು ಒಂದೊಂದಾಗಿ ಅವರ ಕೈಗೆ ಬಂದವು. ಅವುಗಳ ಹಳೆಯ ಹೆಸರುಗಳು ಬ್ರಾಸಿ, ಕ್ಲೀಕ್, ಮ್ಯಾಶಿ, ನಿಬ್ಲಿಕ್, ಪಟರ್. ಒಂದಕ್ಕೊಂದು ಜೋಡಿಯಲ್ಲ, ಒಂದೇ ತಯಾರಕರವೂ ಅಲ್ಲ. ಇಂದಿನ ಲೆಕ್ಕದಲ್ಲಿ ಮ್ಯಾಶಿ ಎಂದರೆ ಸುಮಾರಾಗಿ ಐದನೆಯ ಐರನ್ (ಲೋಹದ ತಲೆಯ ಕೋಲು), ನಿಬ್ಲಿಕ್ ಎಂದರೆ ಒಂಬತ್ತನೆಯದು. ಬ್ರಾಸಿಗೆ ತಳದಲ್ಲಿ ಹಿತ್ತಾಳೆಯ ತಗಡು ಇರುತ್ತದೆ.

ನಾನು ಒಯ್ದಾಗ ಹಿಡಿಯ ತೊಗಲು ಒಣಗಿ ಸುರುಳಿ ಬಿಟ್ಟಿತ್ತು. ಲೋಹದ ತಲೆಗೆ ಕಾವು ಸೇರುವ ಕುತ್ತಿಗೆಯಲ್ಲಿ ದಾರ ಬಿಚ್ಚಿತ್ತು. ಮ್ಯಾಶಿಯ ಕಾವು ಬಾಗಿತ್ತು. ಚಾಚಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು. ಆಮೇಲೆ ಬಾಗಿದ ಜಾಗಕ್ಕಷ್ಟೇ ಹಬೆ ತೋರಿಸಿ, ಮೊಣಕಾಲ ಮೇಲಿಟ್ಟು ಎರಡು ಕೈಯಿಂದ ಮೆಲ್ಲಗೆ ಒತ್ತಿ, ತಣಿಯುವವರೆಗೆ ಹಾಗೆಯೇ ಹಿಡಿದು ಕುಳಿತರು. ಮತ್ತೆ ಬೆಳಕಿಗೆ, ಮತ್ತೆ ಹಬೆಗೆ. ಆ ಮಧ್ಯಾಹ್ನವೆಲ್ಲ ಅದೇ ಆಯಿತು. ನಡುವೆ ಬಂದ ಗಿರಾಕಿಗಳಿಗೆ ನಾಳೆ ಬನ್ನಿ ಎಂದರು.

ನೇರವಾದ ಕಾವನ್ನು ಮರದ ಎಳೆಯ ದಿಕ್ಕಿನಲ್ಲೇ ನಯವಾದ ಉಪ್ಪುಕಾಗದದಿಂದ ಉಜ್ಜಿ, ಅಗಸೆ ಎಣ್ಣೆಯನ್ನು ಅಂಗೈ ಬಿಸಿಯಾಗುವವರೆಗೆ ತಿಕ್ಕಿದರು. ಒಂದು ಲೇಪ ಪೂರ್ತಿ ಒಣಗದೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಹಿಡಿಗೆ ಮೊದಲು ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಮೇಕೆ ತೊಗಲಿನ ಪಟ್ಟಿ. ಪದರದ ಮೇಲೆ ಪದರ ಬಂದಾಗ ಉಬ್ಬಬಾರದೆಂದು ತೊಗಲಿನ ಅಂಚನ್ನು ಚಾಕುವಿನಿಂದ ಹೆರೆದು ತೆಳುಗೊಳಿಸಿದ್ದರು. ನನಗೆ ಬಹಳ ಹಿಡಿಸಿದ್ದು ಕುತ್ತಿಗೆಯ ದಾರ. ಮೇಣ ಸವರಿದ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯ ತುದಿಯನ್ನು ಮೊದಲೇ ಅಡಿಯಲ್ಲಿಟ್ಟಿದ್ದ ಕುಣಿಕೆಯೊಳಗೆ ತೂರಿಸಿ ಎಳೆದರು. ಗಂಟೇ ಇಲ್ಲ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬೆರಳಿಗೂ ತಿಳಿಯುವುದಿಲ್ಲ.

ಹಿಡಿ, ದಾರ, ಎಣ್ಣೆ ಸೇರಿ ಒಂದು ಕೋಲಿಗೆ 1,600 ರೂಪಾಯಿ. ಬಾಗಿದ ಕಾವಿಗೆ 500 ಹೆಚ್ಚು. ಈ ಕೆಲಸಕ್ಕೆ ಇದು ಬಹಳ ಕಡಿಮೆ.

ಆದರೆ ಒಂದು ನೋವನ್ನು ಹೇಳಲೇಬೇಕು. ಕ್ಲೀಕಿನ ತಲೆಯ ತುಕ್ಕನ್ನು ಅಂಗಡಿಯ ಹುಡುಗ ಸಾಣೆ ಚಕ್ರಕ್ಕೆ ಹಿಡಿದ. ತಯಾರಕರ ಮುದ್ರೆ ಅರ್ಧ ಅಳಿಸಿಹೋಯಿತು. ಆ ಕಪ್ಪು ಬಣ್ಣ ಎಷ್ಟೋ ದಶಕಗಳಲ್ಲಿ ಬಂದದ್ದು, ಅದು ಮರಳುವುದಿಲ್ಲ. ಚಾಚಾ ಆ ಕೋಲಿನ ದುಡ್ಡು ತೆಗೆದುಕೊಳ್ಳಲಿಲ್ಲ, ನಿಜ. ಆದರೂ ಕೊಡುವಾಗಲೇ ಲೋಹಕ್ಕೆ ಯಂತ್ರ ಮುಟ್ಟಿಸಬೇಡಿ, ನಯವಾದ ಉಕ್ಕಿನ ನಾರಿನಿಂದ ಕೈಯಲ್ಲೇ ಉಜ್ಜಿ ಎಂದು ಹೇಳಿಬಿಡಿ. ಕಾವು ಮುರಿದಿದ್ದರೆ ಇಲ್ಲಿ ಕೆಲಸವಾಗದು. ಹಿಕರಿ ಅಮೆರಿಕದ ಮರ, ಅವರ ಬಳಿ ಸಿಗುವುದಿಲ್ಲ, ಬೇರೆ ಮರ ಹಾಕಿಕೊಡಲು ಅವರು ಒಪ್ಪುವುದೂ ಇಲ್ಲ. ಆ ಹಟವನ್ನು ನಾನು ಮೆಚ್ಚುತ್ತೇನೆ.

ಇನ್ನು ಆಟ. ಉಕ್ಕಿಗೂ ಗ್ರಾಫೈಟಿಗೂ ಒಗ್ಗಿದ ಕೈಗೆ ಹಿಕರಿ ಮೊದಲು ಸಿಟ್ಟು ತರಿಸುತ್ತದೆ. ಬೀಸುವಾಗ ಮರದ ಕಾವು ತಿರುಚಿಕೊಳ್ಳುತ್ತದೆ. ಅವಸರದಿಂದ ಎಳೆದರೆ ತಲೆ ಹಿಂದೆ ಉಳಿದು ಚೆಂಡು ಪಕ್ಕಕ್ಕೆ ಹಾರುತ್ತದೆ. ತೊಟ್ಟಿಲು ತೂಗುವ ಕೈಯಲ್ಲಿರುವ ನಿಧಾನ ಬೇಕು. ಮೇಲೆತ್ತಿ, ಅರೆಕ್ಷಣ ಕಾದು, ಇಳಿಸಬೇಕು. ಸರಿಯಾಗಿ ತಾಗಿದರೆ ಅಂಗೈಗೆ ಏನೂ ತಾಗಿದಂತೆಯೇ ಅನಿಸುವುದಿಲ್ಲ, ತಪ್ಪಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಮೆತ್ತನೆಯ ಚೆಂಡನ್ನೇ ಬಳಸಿ, ಹುಲ್ಲಿನ ಮೇಲಷ್ಟೇ ಹೊಡೆಯಿರಿ. ಅಭ್ಯಾಸದ ಅಂಗಳದ ಗಟ್ಟಿ ಚಾಪೆ ಹಳೆಯ ಕಾವಿಗೆ ಒಳ್ಳೆಯದಲ್ಲ.

ಇಷ್ಟು ಕಷ್ಟ ಯಾಕೆ ಎಂದು ಮಗಳು ಕೇಳುತ್ತಾಳೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಬ್ರಿಟನ್ನಿನಲ್ಲಿ ಆಟದ ನಿಯಮ ಮಾಡುವ ಆರ್ ಅಂಡ್ ಎ ಸಂಸ್ಥೆ ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಅಂದರೆ ನಮ್ಮೂರಿನ ಗಾಲ್ಫಿನ ಮೊದಲ ಅರ್ಧ ಶತಮಾನವೆಲ್ಲ ಮರದ ಕಾವಿನದು. 1913ರಲ್ಲಿ ಅಮೆರಿಕದ ಓಪನ್‌ನಲ್ಲಿ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಅವರಂಥ ಘಟಾನುಘಟಿಗಳನ್ನು ಸೋಲಿಸಿದ ಫ್ರಾನ್ಸಿಸ್ ವಿಮೆಟ್‌ಗೆ ಆಗ ಇಪ್ಪತ್ತು ವರ್ಷ. ಅವರೂ ಕ್ಯಾಡಿಯಾಗಿದ್ದವರೇ. ಅಂದು ಅವರ ಚೀಲ ಹೊತ್ತದ್ದು ಹತ್ತು ವರ್ಷದ ಎಡ್ಡಿ ಲೋರಿ ಎಂಬ ಹುಡುಗ. ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದದ್ದೂ ಹಿಕರಿಯಿಂದಲೇ. ಆಮೇಲೆ ಉಕ್ಕು ಬಂತು, 1979ರಲ್ಲಿ ಟೇಲರ್‌ಮೇಡ್ ಕಂಪನಿಯ ಲೋಹದ ತಲೆಯ ಡ್ರೈವರ್, ಅಂದರೆ ಬಹಳ ದೂರ ಹೊಡೆಯುವ ಕೋಲು, ಬಂತು, ಇಂದು ಆ ತಲೆ 460 ಘನ ಸೆಂಟಿಮೀಟರ್‌ವರೆಗೆ ಉಬ್ಬಿದೆ. ಚೆಂಡು ಎಷ್ಟು ದೂರ ಹೋಗುತ್ತಿದೆಯೆಂದರೆ, ಅದಕ್ಕೆ ಕಡಿವಾಣ ಹಾಕುವ ಹೊಸ ಪರೀಕ್ಷೆಯನ್ನು ನಿಯಮ ಸಂಸ್ಥೆಗಳೇ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಬೇಕಾಯಿತು. ಊರ ನಡುವಿನ ಮೈದಾನವನ್ನು ಉದ್ದ ಮಾಡಲು ಜಾಗ ಎಲ್ಲಿದೆ? ಮ್ಯಾಶಿ ಹಿಡಿದರೆ ಮೈದಾನ ತಾನಾಗಿಯೇ ತನ್ನ ಮೊದಲಿನ ಉದ್ದಕ್ಕೆ ಬರುತ್ತದೆ.

ಸ್ಕಾಟ್ಲೆಂಡಿನಲ್ಲಿ 2005ರಿಂದ ವಿಶ್ವ ಹಿಕರಿ ಓಪನ್ ನಡೆಯುತ್ತಿದೆ. ಹಿಕರಿ ಪಂದ್ಯಗಳಲ್ಲಿ ಸಾಮಾನ್ಯವಾಗಿ 1935ಕ್ಕಿಂತ ಹಿಂದಿನ ಕೋಲು ಅಥವಾ ಆ ಮಾದರಿಯಲ್ಲೇ ಈಗ ಮಾಡಿದ ಕೋಲು ಇರಬೇಕು. ನಾವು ಕೆಲವರು ಅದನ್ನೇ ಅನುಸರಿಸಿ, ಬಿಡುವಿನ ಬೆಳಗ್ಗೆಗಳಲ್ಲಿ ಸಣ್ಣ ಪಂದ್ಯ ಆಡುತ್ತೇವೆ. ಒಟ್ಟು ಹೊಡೆತಗಳ ಲೆಕ್ಕವಿಲ್ಲ, ಹಳೆಯ ಕ್ರಮದಂತೆ ಪ್ರತಿ ಕುಳಿಗೂ ಒಬ್ಬರ ಮೇಲೊಬ್ಬರ ಸೆಣಸು. ಕೋಲುಗಳು ಸಾಲದು, ಹಂಚಿಕೊಳ್ಳುತ್ತೇವೆ. ಕಳೆದ ಸಲ ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ ಬಂದಿದ್ದ. ಮ್ಯಾಶಿಯಲ್ಲಿ ಅವನ ಮೊದಲ ಹೊಡೆತಗಳೆಲ್ಲ ಚೆಂಡಿನ ನೆತ್ತಿಗೆ ತಗಲಿ ಉರುಳಿ ನಿಂತವು. "ಅಂಕಲ್, ಇನ್ನೊಂದು ಹೊಡೆಯಲೇ?" ಎಂದ. ಅರ್ಧ ಬಲ ಸಾಕಪ್ಪ ಎಂದೆ. ಚೆಂಡು ತಗ್ಗಿನಲ್ಲೇ ಹಾರಿ, ಗ್ರೀನಿಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಇಪ್ಪತ್ತು ಅಡಿ ಮೊದಲೇ ನೆಲ ಮುಟ್ಟಿ, ಓಡುತ್ತಾ ಹೋಗಿ ಬಾವುಟದ ಹತ್ತಿರ ನಿಂತಿತು. ಎತ್ತರಕ್ಕೆ ಹೊಡೆದು ತಟ್ಟನೆ ನಿಲ್ಲಿಸುವುದನ್ನಷ್ಟೇ ಬಲ್ಲವರಿಗೆ ಈ ಓಟದ ಚೆಂದ ಗೊತ್ತಿರುವುದಿಲ್ಲ. ಆಮೇಲೆ ಅವನು ಮ್ಯಾಶಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ನಮ್ಮ ನಗರದ ಗಾಲ್ಫ್ ಕ್ಲಬ್‌ಗಳು ವರ್ಷಕ್ಕೊಂದು ದಿನವನ್ನಾದರೂ ಹಿಕರಿಗೆ ಮೀಸಲಿಡಬೇಕು, ಆ ದಿನ ಸದಸ್ಯರ ಜೊತೆ ಕ್ಯಾಡಿಗಳೂ ಆಡಬೇಕು. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ ಎಂಬುದನ್ನು ಬೆಂಗಳೂರು ಮರೆಯಬಾರದು.

ಚಾಚಾ ಅಂಗಡಿಗೆ ಹೋಗುವುದಾದರೆ ದೀಪಾವಳಿ ಕಳೆದ ಮೇಲೆ ಹೋಗಿ. ಮಳೆಗಾಲದಲ್ಲಿ ಎಣ್ಣೆ ಒಣಗುವುದಿಲ್ಲ, ಕೋಲು ಅಂಟಂಟಾಗಿಯೇ ಉಳಿಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತಾರೆ. ತಿಂಗಳು ಕಾಯುವ ತಾಳ್ಮೆ ಇಟ್ಟುಕೊಳ್ಳಿ, ಫೋನಿನಲ್ಲಿ ಅವಸರಪಡಿಸಬೇಡಿ. ನನ್ನ ಬ್ರಾಸಿಯ ಹಿತ್ತಾಳೆ ತಗಡಿನ ತಿರುಪೊಂದು ಸಡಿಲವಾಗಿದೆ, ಈ ಸಲ ಅದನ್ನು ಒಯ್ಯುತ್ತೇನೆ.