ಹಳೇ ಟ್ರ್ಯಾಕ್ಟರ್‌ಗೆ ಪವರ್ ಜಾಸ್ತಿ ಮಾಡಿಸುವ ಮುಂಚೆ ಇದನ್ನು ಓದಿ

ಡೀಸೆಲ್ ಪಂಪ್ ಮೇಲೆ ಕಂಪನಿಯವರು ಸುಮ್ನೆ ಸೀಲ್ ಹಾಕಿರುವುದಿಲ್ಲ. ಆ ಸೀಲ್ ಕಿತ್ತು, ಒಳಗಿನ ಸ್ಕ್ರೂ ಸ್ವಲ್ಪ ತಿರುಗಿಸಿ, ‘ಹಳೇ ಗಾಡಿಗೆ ಹೊಸ ಪವರ್ ಬರುತ್ತೆ’ ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ದಯವಿಟ್ಟು ಒಪ್ಪಬೇಡಿ. ನಮ್ಮ ತಂದೆಯ ಕಾಲದ ಮೂರು ಸಿಲಿಂಡರ್ ಎಂಜಿನ್ ಹಾಳಾಗಿದ್ದು ಹೀಗೇ.

ನೇಗಿಲು ಹೂಡಿದರೆ ಎಳೆತ ಸಾಲುತ್ತಿರಲಿಲ್ಲ, ಕಪ್ಪು ಹೊಗೆ ಬರುತ್ತಿತ್ತು. ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಪರೀಕ್ಷೆ ಮಾಡಿ ಅಂತ ಬಿಟ್ಟು ಬಂದಿದ್ದೆವು. ಆ ಮೆಕ್ಯಾನಿಕ್ ನಮ್ಮನ್ನು ಕೇಳದೆ ಪಂಪ್‌ನಲ್ಲಿ ಡೀಸೆಲ್ ಜಾಸ್ತಿ ಮಾಡಿದರು, ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್‌ನ ಸ್ಕ್ರೂ ತಿರುಗಿಸಿ ವೇಗವನ್ನೂ ಏರಿಸಿದರು. ಗಾಡಿ ವಾಪಸ್ ಬಂದಾಗ ಸದ್ದೇ ಬೇರೆಯಾಗಿತ್ತು. ಹಗುರ ಕೆಲಸದಲ್ಲಿ ಚುರುಕಾಗಿ ಓಡಿತು. ಗಟ್ಟಿ ನೆಲದಲ್ಲಿ ಮಾತ್ರ ಮೊದಲಿನ ಹಾಗೇ ಏದುಸಿರು, ಹೊಗೆ ಮೊದಲಿಗಿಂತ ದಟ್ಟ. ಕೇಳಿದ್ದಕ್ಕೆ ‘ಹೊಗೆ ಬಂದರೇನೇ ಪವರ್’ ಅಂದರು.

ಇದು ಶುದ್ಧ ಸುಳ್ಳು. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್. 1 ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಹೊಗೆ ಬಾರದಂತೆ ಓಡಲು ಅದಕ್ಕಿಂತಲೂ ಜಾಸ್ತಿ ಬೇಕು. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಹಳೇ ಎಂಜಿನ್ ತನ್ನ ಸಿಲಿಂಡರ್ ಹಿಡಿಸುವಷ್ಟು ಗಾಳಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಉಳಿದ ಡೀಸೆಲ್‌ನಲ್ಲಿ ಸ್ವಲ್ಪ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆ ಮೇಲಿನ ಆಯಿಲ್ ತೊಳೆದುಕೊಂಡು ಕೆಳಗಿನ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ನಮ್ಮ ಗಾಡಿಯಲ್ಲಿ ಡಿಪ್‌ಸ್ಟಿಕ್ ಮೇಲೆ ಆಯಿಲ್ ಮಟ್ಟ ಇಳಿಯುವ ಬದಲು ಏರಿತ್ತು, ಡೀಸೆಲ್ ವಾಸನೆ ಬರುತ್ತಿತ್ತು. ಆಯಿಲ್ ಏರಿದ್ದು ಕಂಡರೆ ಆವತ್ತೇ ಗಾಡಿ ನಿಲ್ಲಿಸಿ.

ಎಂಜಿನ್ ನೀರಿನ ಬಿಸಿ ತೋರಿಸುವ ಮೀಟರ್ ನಂಬಿಕೊಂಡು ಕೂರಬೇಡಿ. ಪಿಸ್ಟನ್ ತಲೆ ಎಷ್ಟು ಕಾದಿದೆ ಅಂತ ಅದು ಹೇಳುವುದಿಲ್ಲ. ನಮ್ಮ ಮೀಟರ್ ಮುಳ್ಳು ಕೆಂಪು ಮುಟ್ಟುವ ಮೊದಲೇ, ಉಳುಮೆ ನಡುವೆ ಎಂಜಿನ್ ಬಡಿಯತೊಡಗಿತು, ಆಮೇಲೆ ತಿರುಗದೆ ಹಿಡಿದುಕೊಂಡಿತು. ಬಿಚ್ಚಿದಾಗ ಒಂದು ಪಿಸ್ಟನ್‌ನ ಅಂಚು ಕರಗಿತ್ತು, ಲೈನರ್‌ಗೆ ಗೆರೆ ಬಿದ್ದಿತ್ತು, ತೆಳುವಾದ ಆಯಿಲ್‌ನಿಂದ ಬೇರಿಂಗ್ ಸವೆದಿದ್ದವು.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಏರ್ ಕ್ಲೀನರ್ ಬಟ್ಟಲಲ್ಲಿ ಧೂಳು ಹಿಡಿಯಲು ಇರಬೇಕಾದ ಆಯಿಲ್ ಇರಲಿಲ್ಲ, ಕೆಸರಿತ್ತು. ಮೇಲಿನ ಜಾಲರಿಯೂ ಅರ್ಧ ಕಟ್ಟಿಕೊಂಡಿತ್ತು. ಅಂದರೆ ಎಳೆತ ಕಡಿಮೆಯಾಗಿದ್ದೇ ಗಾಳಿ ಸಾಲದೆ. ಗಾಳಿ ಇಲ್ಲದ ಎಂಜಿನ್‌ಗೆ ಅವರು ಇನ್ನಷ್ಟು ಡೀಸೆಲ್ ಕುಡಿಸಿದ್ದರು. ಆ ಬಟ್ಟಲು ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕು ಹೇಳಿ?

ಗವರ್ನರ್ ಏರಿಸುವುದು ಇನ್ನೂ ಅಪಾಯ. ನಿಮಿಷಕ್ಕೆ 2,000 ಸುತ್ತಿನ ಎಂಜಿನ್ ಅನ್ನು 2,200ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ. 10 ಮಾತ್ರ. ಆದರೆ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟ್‌ಗಳನ್ನು ಪಿಸ್ಟನ್ ಜಗ್ಗುವ ಬಲ ಶೇ. 21ರಷ್ಟು ಏರುತ್ತದೆ. ಹಳೇ ಎರಕದ ಫ್ಲೈವೀಲ್‌ನಲ್ಲಿ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕಣ್ಣಿಗೆ ಕಾಣದ ಬಿರುಕಿದ್ದರೆ ಅದು ಸಿಡಿಯಬಹುದು, ಮೇಲೆ ಕೂತವರ ಜೀವಕ್ಕೇ ಕುತ್ತು. 540 ಸುತ್ತಿನ ಪಿಟಿಒ (ಹಿಂದಿನ ಯಂತ್ರವನ್ನು ತಿರುಗಿಸುವ ಶಾಫ್ಟ್) ಕೂಡ ಅದೇ ಲೆಕ್ಕದಲ್ಲಿ 594ಕ್ಕೆ ಓಡುತ್ತದೆ. ಹಿಂದೆ ಕಟ್ಟಿದ ಯಂತ್ರ ಅದಕ್ಕೆ ತಯಾರಾಗಿರುವುದಿಲ್ಲ.

ಟರ್ಬೊ ಹಾಕಿದರೆ ಗಾಳಿ ಸಿಗುತ್ತಲ್ವಾ ಅಂತ ಕೇಳುವವರಿದ್ದಾರೆ. ಸಿಗುತ್ತದೆ. ಆ ಒತ್ತಡವನ್ನು ಹಳೇ ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್ ತಡೆಯಬೇಕಲ್ಲ? ತಡೆದರೂ ಆ ಎಳೆತ ಆಮೇಲೆ ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ನಿಮ್ಮ ಗಾಡಿ ಸೋತಿದೆ ಅನ್ನಿಸಿದರೆ ಮೊದಲು ಏರ್ ಕ್ಲೀನರ್, ಡೀಸೆಲ್ ಫಿಲ್ಟರ್ ನೋಡಿಸಿ. ಆಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗಳ ಸಂದು), ನಾಝಲ್ ಒತ್ತಡ, ಪಂಪ್ ಟೈಮಿಂಗ್. ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವುದು) ಅಳೆಯದೆ ಯಾರೂ ಪಂಪ್ ಮುಟ್ಟಲು ಬಿಡಬೇಡಿ. ಹೆಚ್ಚಿನ ಗಾಡಿಗಳಿಗೆ ಬೇಕಾಗಿರುವುದು ಕಳೆದುಹೋದ ಎಚ್‌ಪಿ ಅಷ್ಟೇ, ಅದು ಇಲ್ಲೇ ಸಿಗುತ್ತದೆ.

ಈಗಾಗಲೇ ಯಾರೋ ಸ್ಕ್ರೂ ತಿರುಗಿಸಿದ್ದಾರೆ ಅಂತ ಅನುಮಾನವಿದ್ದರೆ ಗಾಡಿಯನ್ನು ಲೋಡ್‌ಗೆ ಹಾಕಬೇಡಿ. ಆಯಿಲ್ ಬದಲಿಸಿ, ಪಂಪ್ ಬಿಚ್ಚಿಸಿ, ಪಂಪ್ ಓಡಿಸಿ ಅಳೆಯುವ ಟೆಸ್ಟ್ ಬೆಂಚ್ ಇರುವ ಕಡೆ ಕೊಡಿ. ಕಂಪನಿ ಕೊಟ್ಟ ಅಳತೆಗೇ ಕೂರಿಸಿ ಅಂತ ಬರೆದು ಕೊಡಿ.