ಸೀರೆ ಫಾಲ್, ಜಿಗ್‌ಜಾಗ್ ಕೆಲಸಕ್ಕೆ ಡ್ರೀಮ್ ಸ್ಟಿಚ್ ಮೆಷಿನ್: ಚಿಕ್ಕ ಮಕ್ಕಳಿರುವ ಮನೆಗೆ ಹೊಂದುತ್ತದೆಯೇ?

ತುಮಕೂರಿನ ಎಸ್.ಎಸ್. ಪುರಂ, ಬಟವಾಡಿ, ಕ್ಯಾತ್ಸಂದ್ರದ ಕಡೆಯ ಓಣಿಗಳಲ್ಲಿ ಮನೆ ಗೇಟಿಗೆ ತೂಗುಹಾಕಿದ "ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು" ಬೋರ್ಡು ಎಲ್ಲರೂ ನೋಡಿರುವಂಥದ್ದೇ. ಮಗುವನ್ನು ಬಿಟ್ಟು ಹೊರಗೆ ದುಡಿಯಲು ಆಗದ ತಾಯಂದಿರಿಗೆ ಮನೆಯಲ್ಲೇ ಕೂತು ಮಾಡಬಹುದಾದ ಗೌರವದ ಕೆಲಸ ಇದು. ಶುರು ಮಾಡುವಾಗ ಕೇಳುವ ಮೊದಲ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: ಯಾವ ಮೆಷಿನ್ ತಗೊಳ್ಳಲಿ? ಹೆಚ್ಚು ಜನ ನೋಡುವುದು ಉಷಾ ಜಾನೋಮೆಯ ಡ್ರೀಮ್ ಸ್ಟಿಚ್. ಹೀಗಾಗಿ ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇದೇ ದರ್ಜೆಯ ಸಿಂಗರ್, ಬ್ರದರ್ ಮೆಷಿನ್‌ಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಡಬ್ಬದ ಮೇಲೆ 7 ಬಗೆಯ ಹೊಲಿಗೆ, 14 ಫಂಕ್ಷನ್ ಎಂದಿರುತ್ತದೆ. ಸೀರೆ ಕೆಲಸಕ್ಕೆ ಬೇಕಾಗುವುದು ಅದರಲ್ಲಿ ಎರಡೇ: ನೇರ ಹೊಲಿಗೆ ಮತ್ತು ಜಿಗ್‌ಜಾಗ್. ಸ್ಕ್ಯಾಲಪ್, ಬ್ಲೈಂಡ್ ಹೆಮ್, ಕಾಜಾ ಇವೆಲ್ಲ ಇದ್ದರೆ ಇರಲಿ, ಅವನ್ನು ನೋಡಿ ಹಣ ಹೆಚ್ಚು ಕೊಡಬೇಡಿ. ಅಂಗಡಿಯವರು ಮುಂದಿನ ಮಾಡೆಲ್ ತೋರಿಸಿ "ಇದರಲ್ಲಿ ಇನ್ನೂ ಏಳು ಡಿಸೈನ್ ಜಾಸ್ತಿ" ಅಂದರೆ ನಗುತ್ತಾ ಬೇಡ ಎನ್ನಿ. ಆ ಡಿಸೈನ್‌ಗಳಿಗೆ ಅಂತ ನಿಮ್ಮ ಬೀದಿಯಲ್ಲಿ ಯಾರೂ ಹತ್ತು ರೂಪಾಯಿ ಜಾಸ್ತಿ ಕೊಡುವುದಿಲ್ಲ.

ಅಂಗಡಿಗೆ ಹೋಗುವಾಗ ಮನೆಯಿಂದ ಮೂರು ತುಂಡು ಬಟ್ಟೆ ಒಯ್ಯಿರಿ: ಹಳೆ ರೇಷ್ಮೆ ಸೀರೆಯದ್ದೊಂದು, ಜಾರ್ಜೆಟ್‌ದೊಂದು, ಕಾಟನ್‌ದೊಂದು. ಅಂಗಡಿಯಲ್ಲಿ ಹೊಲಿದು ತೋರಿಸುವ ಗಂಜಿ ಹಾಕಿದ ದಪ್ಪ ಬಟ್ಟೆಯ ಮೇಲೆ ಯಾವ ಮೆಷಿನ್ ಆದರೂ ಚೆನ್ನಾಗಿಯೇ ಓಡುತ್ತದೆ. ಪರೀಕ್ಷೆ ಆಗುವುದು ಜಾರ್ಜೆಟ್ ಮೇಲೆ. ಒಂದೇ ಪದರ ಜಾರ್ಜೆಟ್ ಕೊಟ್ಟು, ಅಂಚಿಗೆ ಜಿಗ್‌ಜಾಗ್ ಹಾಕಿಸಿ. ಬಟ್ಟೆ ಸುಕ್ಕಾಗದೆ, ಹೊಲಿಗೆ ನಡುವೆ ತಪ್ಪದೆ ಬಂದರೆ ಆ ಮೆಷಿನ್‌ನ ಸೆಟ್ಟಿಂಗ್ ಸರಿ ಇದೆ. ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಮೆಷಿನ್ ನಂಬರ್ ಬರೆಸಿಕೊಳ್ಳಿ. ರಿಪೇರಿಯವರು ಊರಲ್ಲೇ ಇದ್ದಾರೋ, ಬೆಂಗಳೂರಿಗೆ ಕಳಿಸುತ್ತಾರೋ ಎಂದು ಹಣ ಕೊಡುವ ಮೊದಲೇ ಕೇಳಿ. ಎಪ್ಪತ್ತು ಕಿಲೋಮೀಟರ್ ದೂರಕ್ಕೆ ಮೆಷಿನ್ ಹೋಯಿತೆಂದರೆ ಮದುವೆ ಸೀಸನ್ನಿನ ಎರಡು ವಾರ ಕೈಬಿಟ್ಟಂತೆ.

ಬಟ್ಟೆಗೆ ತಕ್ಕ ಸೂಜಿ ಹಾಕದೆ ಮೆಷಿನ್ ಬೈಯುವವರೇ ಜಾಸ್ತಿ. ಇದಕ್ಕೆ ಬೇಕಾದ್ದು ಒಂದು ಕಡೆ ಚಪ್ಪಟೆಯಾಗಿರುವ ಎಚ್‌ಎ-1 ಸೂಜಿ. ಗಾರ್ಮೆಂಟ್ಸ್ ಮೆಷಿನ್‌ನ ದುಂಡು ಬುಡದ ಸೂಜಿ ಇದಕ್ಕಲ್ಲ. ಚಪ್ಪಟೆ ಮುಖ ಹಿಂದಕ್ಕೆ ಇರಬೇಕು, ಸೂಜಿಯನ್ನು ತುದಿ ಮುಟ್ಟುವವರೆಗೆ ಮೇಲಕ್ಕೆ ಒತ್ತಿ ಸ್ಕ್ರೂ ಬಿಗಿಯಬೇಕು. ಅರ್ಧ ಮಿಲಿಮೀಟರ್ ಕೆಳಗೆ ನಿಂತರೂ ಮೆಷಿನ್‌ನ ಕೆಳಭಾಗದ ಕೊಕ್ಕೆಗೆ ದಾರ ಸಿಗದೆ ಹೊಲಿಗೆ ತಪ್ಪುತ್ತದೆ. ಶಿಫಾನ್, ಜಾರ್ಜೆಟ್‌ಗೆ 9 ನಂಬರ್, ರೇಷ್ಮೆ ಮತ್ತು ಕ್ರೇಪ್‌ಗೆ 11, ಕಾಟನ್‌ಗೆ 14. ಜರಿ ಅಂಚು ಸೂಜಿಯ ತುದಿಯನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಎಳೆದು ಉದ್ದಕ್ಕೆ ಗೆರೆ ಬೀಳಿಸುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. "ಟಪ್ ಟಪ್" ಎಂದು ಬಟ್ಟೆ ಚುಚ್ಚುವ ಶಬ್ದ ಕೇಳಿಸಿತೆಂದರೆ ಸೂಜಿ ಬದಲಿಸುವ ಹೊತ್ತು ಬಂತು. ಎಂಟು ಸಾವಿರದ ಸೀರೆಯ ಮುಂದೆ ಸೂಜಿಯ ಬೆಲೆ ಲೆಕ್ಕಕ್ಕಿಲ್ಲ.

ಜಿಗ್‌ಜಾಗ್ ಸೆಟ್ಟಿಂಗ್: ಅಗಲ 3ರಿಂದ 4 ಮಿಲಿಮೀಟರ್, ಹೊಲಿಗೆಯ ಉದ್ದ 1ಕ್ಕಿಂತ ಸ್ವಲ್ಪ ಕಡಿಮೆ, ಮೇಲಿನ ದಾರದ ಬಿಗಿ, ಅಂದರೆ ಟೆನ್ಷನ್, 2ರಿಂದ 3. ಸೂಜಿ ಎಡಕ್ಕೆ ಬಂದಾಗ ಬಟ್ಟೆಯ ಒಳಗೆ, ಬಲಕ್ಕೆ ಹೋದಾಗ ಬಟ್ಟೆಯಂಚಿನ ಕೂದಲೆಳೆಯಷ್ಟು ಹೊರಗೆ ಬೀಳಬೇಕು. ಆಗ ದಾರ ಅಂಚನ್ನು ಸುತ್ತಿಕೊಂಡು ಎಳೆ ಬಿಚ್ಚದಂತೆ ಹಿಡಿಯುತ್ತದೆ. ಪೂರ್ತಿ ಬಟ್ಟೆಯ ಒಳಗೇ ಹಾಕಿದರೆ ಎರಡು ಒಗೆತಕ್ಕೆ ಅಂಚಿನಿಂದ ಎಳೆ ಬಿಡಲು ಶುರು. ಟೆನ್ಷನ್ ಬಿಗಿಯಾದರೆ ಅಂಚು ಕೊಳವೆಯಂತೆ ಸುರುಳಿಯಾಗುತ್ತದೆ. ಜಾರ್ಜೆಟ್ ಸುಕ್ಕಾಗುತ್ತಿದ್ದರೆ ಕೆಳಗೆ ಬಟರ್ ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಪೇಪರ್ ಬೇಕೆಂದು ದಿನಪತ್ರಿಕೆ ಇಡಬೇಡಿ, ಅದರ ಮಸಿ ತಿಳಿ ಬಣ್ಣದ ಸೀರೆಗೆ ಅಂಟುತ್ತದೆ.

ಹೊಲಿಗೆ ಶುರುವಾದ ಕೂಡಲೇ ಬಟ್ಟೆಯ ಮೂಲೆ ಸೂಜಿ ತೂತಿನೊಳಗೆ ಹೋಗಿ ಸಿಕ್ಕಿಕೊಳ್ಳುವುದು ಈ ದರ್ಜೆಯ ಎಲ್ಲ ಜಿಗ್‌ಜಾಗ್ ಮೆಷಿನ್‌ಗಳ ತೊಂದರೆ. ಜಿಗ್‌ಜಾಗ್ ಪ್ಲೇಟಿನ ತೂತು ಅಗಲ, ಅದೇ ಕಾರಣ. ಎರಡೂ ದಾರದ ತುದಿಗಳನ್ನು ನಾಲ್ಕು ಬೆರಳಷ್ಟು ಹಿಂದಕ್ಕೆ ಎಳೆದು ಹಿಡಿದುಕೊಂಡು, ಮೂಲೆಗಿಂತ ಒಂದು ಸೆಂಟಿಮೀಟರ್ ಒಳಗಿಂದ ಶುರು ಮಾಡಿ. ಕೆಳಗಡೆ ದಾರ ಗೂಡು ಕಟ್ಟಿಕೊಂಡರೆ ಎಲ್ಲರೂ ಬಾಬಿನ್ (ಕೆಳದಾರ ಸುತ್ತಿದ ಪುಟ್ಟ ಉರುಳೆ) ಬಿಚ್ಚುತ್ತಾರೆ. ಆದರೆ ತಪ್ಪು ಹೆಚ್ಚಾಗಿ ಮೇಲಿನ ದಾರದಲ್ಲಿ ಇರುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಕೆಳಗಿಳಿದಿರುವಾಗ ದಾರ ಪೋಣಿಸಿದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಒಳಗೆ ಕೂರುವುದಿಲ್ಲ. ಪಾದ ಎತ್ತಿ ಮತ್ತೆ ಪೋಣಿಸಿ. ಬಾಬಿನ್ ಕೇಸಿನದ್ದೂ ಒಂದು ಪರೀಕ್ಷೆ ಇದೆ: ದಾರದ ತುದಿ ಹಿಡಿದು ಕೇಸನ್ನು ತೂಗಾಡಿಸಿ. ತಾನಾಗಿ ಜಾರಬಾರದು, ಕೈ ಸ್ವಲ್ಪ ಕುಲುಕಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು.

ಫಾಲ್ ವಿಷಯಕ್ಕೆ ಬರೋಣ, ದುಡ್ಡೂ ದೂರೂ ಎರಡೂ ಬರುವ ಜಾಗ ಇದು. ಹತ್ತಿಯ ಫಾಲ್ ಅನ್ನು ಉಪ್ಪು ನೀರಿನಲ್ಲಿ ಒಂದು ಗಂಟೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಹಚ್ಚಬೇಕು. ಹಾಗೇ ಹಚ್ಚಿದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಸೀರೆಯ ಅಂಚು ನೆರಿಗೆಯಂತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಣ್ಣ ಹೊಂದಿಸುವುದು ಹಗಲು ಬೆಳಕಿನಲ್ಲಿ. ಎಂ.ಜಿ. ರಸ್ತೆಯ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದೇ ಎಂದು ಕಂಡ ಎರಡು ಕೆಂಪು ಬಾಗಿಲಿಗೆ ಬಂದರೆ ಬೇರೆಬೇರೆ. ಸೀರೆಯ ಮೂಲೆ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ನೋಡಿ.

ಯಾವ ಅಂಚಿಗೆ ಎಂಬುದರಲ್ಲಿ ಹೊಸಬರು ಎಡವುತ್ತಾರೆ. ಸೀರೆಯನ್ನು ಒಳಮೈ ಮೇಲೆ ಕಾಣುವಂತೆ ಹಾಸಿ. ಸೆರಗು ನಿಮ್ಮ ಎಡಕ್ಕೆ, ಸೊಂಟಕ್ಕೆ ಸಿಕ್ಕಿಸುವ ತುದಿ ಬಲಕ್ಕೆ ಇರಲಿ. ಈಗ ನಿಮ್ಮ ಮಡಿಲ ಕಡೆ ಇರುವ ಅಂಚಿಗೇ ಫಾಲ್. ಎಡ ಹೆಗಲಿಗೆ ಸೆರಗು ಹೊದೆಯುವವರಿಗೆ ಈ ಲೆಕ್ಕ ತಪ್ಪುವುದಿಲ್ಲ. ಬಲತುದಿಯಿಂದ ಎಂಟು ಹತ್ತು ಅಂಗುಲ ಬಿಟ್ಟು ಶುರು ಮಾಡಿ, ಸುಮಾರು ಎರಡೂವರೆ ಮೀಟರ್ ಉದ್ದದ ಫಾಲ್ ಎಡಕ್ಕೆ ಸಾಗಲಿ. ಅದಕ್ಕೂ ಮೊದಲು ಬ್ಲೌಸ್ ಪೀಸ್ ಕತ್ತರಿಸಿಯಾಗಿದೆಯೇ ನೋಡಿ. ಸಾಮಾನ್ಯವಾಗಿ ಅದು ಇರುವುದು ಇದೇ ಒಳತುದಿಯಲ್ಲಿ. ಬ್ಲೌಸ್ ಪೀಸ್ ಮೇಲೇ ಫಾಲ್ ಹಚ್ಚಿದರೆ ಪೂರ್ತಿ ಬಿಚ್ಚಬೇಕು, ಬಿಚ್ಚಿದ ಜಾಗದ ಸೂಜಿ ತೂತು ರೇಷ್ಮೆಯಲ್ಲಿ ಎದ್ದು ಕಾಣುತ್ತದೆ.

ಫಾಲ್‌ನ ಕೆಳ ಅಂಚನ್ನು ಮೆಷಿನ್‌ನಲ್ಲಿ ಹೊಲಿಯಬಹುದು, ಮೇಲಿನ ಅಂಚು ಮಾತ್ರ ಕೈಯಲ್ಲೇ ಹೆಮ್ಮಿಂಗ್ ಆಗಲಿ. ಮೇಲೂ ಮೆಷಿನ್ ಓಡಿಸಿದರೆ ಸೀರೆಯ ಮುಂಭಾಗದಲ್ಲಿ ಗೆರೆ ಕಾಣುತ್ತದೆ, ನೆರಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಸೀರೆಯ ಒಂದೇ ಎಳೆ ಎತ್ತಿಕೊಂಡು ಅರ್ಧ ಅಂಗುಲಕ್ಕೊಂದು ಹೊಲಿಗೆ. ದಾರ ಎಳೆಯುವಾಗ ಕೈ ಹಗುರವಿರಲಿ.

ಮಕ್ಕಳಿರುವ ಮನೆಯಲ್ಲಿ ಈ ಮೆಷಿನ್ ಸರಿಹೊಂದುವುದು ಇಲ್ಲೇ. ಒಂದು ಸೀರೆಯ ಕೆಲಸದಲ್ಲಿ ಮೆಷಿನ್ ಓಡುವುದು ಹದಿನೈದು ನಿಮಿಷ ಅಷ್ಟೇ. ಹೆಮ್ಮಿಂಗ್‌ಗೆ ನಲವತ್ತು, ಇಸ್ತ್ರಿ, ಮಡಿಕೆ, ಪರೀಕ್ಷೆಗೆ ಹತ್ತು. ಮೆಷಿನ್ ಕೆಲಸ ಮಧ್ಯದಲ್ಲಿ ಬಿಟ್ಟೆದ್ದರೆ ಹೊಲಿಗೆ ಓರೆಯಾಗುತ್ತದೆ, ಅದನ್ನು ಮಗು ಅಂಗನವಾಡಿಗೆ ಹೋದಾಗಲೋ ಮಲಗಿದಾಗಲೋ ನಾಲ್ಕೈದು ಸೀರೆಯದ್ದು ಒಟ್ಟಿಗೇ ಮುಗಿಸಿಬಿಡಿ. ಹೆಮ್ಮಿಂಗ್ ಹಾಗಲ್ಲ, ಮಗು ಅತ್ತರೆ ಸೂಜಿ ಚುಚ್ಚುದಿಂಬಿಗೆ ಸಿಕ್ಕಿಸಿ ಏಳಬಹುದು, ಅರ್ಧ ಗಂಟೆ ಬಿಟ್ಟು ಬಂದು ಅದೇ ಹೊಲಿಗೆಯಿಂದ ಮುಂದುವರಿಯಬಹುದು. ಕುಚ್ಚು ಕಟ್ಟುವುದೂ ಹೀಗೇ. ಮಾಡಿಟ್ಟ ಸೀರೆಗಳನ್ನು ದಿಂಬಿನ ಕವರಿನಲ್ಲಿ ಒಂದೊಂದಾಗಿ ಹಾಕಿ ಬೀರುವಿನ ಮೇಲಿಡಿ. ಅರಿಶಿನ, ಬಿಸ್ಕತ್ತು, ಸ್ಕೆಚ್ ಪೆನ್ ಮೂರೂ ಮಕ್ಕಳ ಕೈಯಲ್ಲೇ ಇರುವ ವಸ್ತುಗಳು.

ಪೆಡಲ್ ವಿಷಯದಲ್ಲಿ ಸಡಿಲ ಬಿಡಲೇಬೇಡಿ. ಮೆಷಿನ್ ಹಗುರ, ಮೇಜಿನ ಮೇಲೆ ಕೂರುತ್ತದೆ, ಪೆಡಲ್ ಮಾತ್ರ ನೆಲದಲ್ಲಿ. ತೆವಳುವ ಮಗುವಿಗೆ ಅದು ಆಟದ ಸಾಮಾನು. ದೊಡ್ಡವನು ಸೂಜಿಯ ಕೆಳಗೆ ಬೆರಳಿಟ್ಟಾಗ ಚಿಕ್ಕವನು ಪೆಡಲ್ ಮೇಲೆ ಕೈಯೂರಿದರೆ ಸಾಕು. ಕುರ್ಚಿಯಿಂದ ಎದ್ದಾಗಲೆಲ್ಲ ಪ್ಲಗ್ ಕಿತ್ತು ಪೆಡಲ್ ಮೇಜಿನ ಮೇಲಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ ಅದುಮಲು ಅವರಿಗೂ ಬರುತ್ತದೆ. ಬಾಬಿನ್, ಗುಂಡಿ, ಕುಚ್ಚಿನ ಮಣಿ ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅಪಾಯ, ಮುಚ್ಚಳ ತಿರುಗಿಸುವ ಡಬ್ಬದಲ್ಲಿರಲಿ. ಗುಂಡುಪಿನ್ನುಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಕೆಲಸ ಮುಗಿದ ಮೇಲೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ನೆಲದ ಮೇಲೆ ಒಮ್ಮೆ ಆಡಿಸಿ.

ಕರೆಂಟಿನ ಖರ್ಚು ಹೆಚ್ಚಿಲ್ಲ. ಬಲ್ಬು ಸೇರಿ ನೂರು ವಾಟ್ ಎಂದೇ ಹಿಡಿದು ದಿನಕ್ಕೆ ಮೂರು ಗಂಟೆ ಓಡಿಸಿದರೂ ತಿಂಗಳಿಗೆ 9 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಗರಿಷ್ಠ ಮಿತಿ ಎಂದಿದ್ದರೂ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಲೆಕ್ಕ ಹಾಕಿದ ಅರ್ಹತೆ ಬೇರೆ ಇರುತ್ತದೆ. ಬಿಲ್ಲಿನಲ್ಲಿ ಅದನ್ನು ಒಮ್ಮೆ ನೋಡಿಕೊಳ್ಳಿ. ಇನ್ವರ್ಟರ್ ಇದ್ದರೆ ಸೈನ್ ವೇವ್ ಆಗಿರಲಿ, ಸ್ಕ್ವೇರ್ ವೇವ್‌ನಲ್ಲಿ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಹಣದ ಲೆಕ್ಕ: ಸೀರೆಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಫಾಲ್‌ಗೆ 25, ದಾರ, ಸೂಜಿ, ಕರೆಂಟಿಗೆ 5 ಕಳೆದರೆ ಉಳಿಯುವುದು 70. ದಿನಕ್ಕೆ ಎರಡು ಸೀರೆ, ತಿಂಗಳಲ್ಲಿ 25 ದಿನ ಆದರೆ 3,500. ಹದಿಮೂರು ಸಾವಿರದ ಮೆಷಿನ್ ನಾಲ್ಕು ತಿಂಗಳಲ್ಲಿ ತನ್ನ ದುಡ್ಡು ತಾನೇ ಕೊಡುತ್ತದೆ. ಆದರೆ ಆಷಾಢದಲ್ಲಿ ಮದುವೆ ಇಲ್ಲ, ಸೀರೆಯೂ ಬರುವುದಿಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ಒಟ್ಟಿಗೇ ಬರುತ್ತಾರೆ. ಆಗ ಒಪ್ಪಿಕೊಳ್ಳುವ ಸಂಖ್ಯೆಗೆ ನೀವೇ ಗಡಿ ಹಾಕಿಕೊಳ್ಳಬೇಕು. ಹಬ್ಬದ ಬೆಳಿಗ್ಗೆ ಸೀರೆ ಸಿಗದ ಗಿರಾಕಿ ಮತ್ತೆ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಚೀಟಿಯಲ್ಲಿ ಬಣ್ಣ, ಬ್ಲೌಸ್ ಕತ್ತರಿಸಬೇಕೋ ಬೇಡವೋ, ಮೊದಲೇ ಇರುವ ಕಲೆ, ಹರಿದ ಜಾಗ, ಕೊಡುವ ದಿನ ಬರೆದು ಫೋಟೋ ತೆಗೆದಿಡಿ.

ಕುಚ್ಚಿಗೆ ಬೇರೆ ದರ, ಅದಕ್ಕೆ ಮೆಷಿನ್ ಬೇಡ, ಉಳಿತಾಯವೂ ಅದರಲ್ಲೇ ಹೆಚ್ಚು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ಕಡೆ ನೇಯ್ದ ರೇಷ್ಮೆ ಸೀರೆಗಳು ಬಂದಾಗ ಸೆರಗಿನ ತುದಿಯಲ್ಲಿ ಹಾಸಿನ ಎಳೆಯನ್ನು (ಉದ್ದದ ನೂಲು) ನೇಯದೆ ಹಾಗೇ ಬಿಟ್ಟಿದ್ದಾರೆಯೇ ನೋಡಿ. ಬಿಟ್ಟಿದ್ದರೆ ಅತ್ತ ಜಿಗ್‌ಜಾಗ್ ಹಾಕಬೇಡಿ, ಆ ಎಳೆಯಲ್ಲೇ ಕುಚ್ಚು ಕಟ್ಟಬೇಕು. ಗೊತ್ತಿಲ್ಲದೆ ಅದನ್ನು ಕತ್ತರಿಸಿ ನೇರ ಮಾಡಿದರೆ ಸೀರೆಯ ಅಂದವೇ ಹೋಯಿತು.

ದಿನಕ್ಕೆ ಎಂಟು ಹತ್ತು ಸೀರೆ ಬರತೊಡಗಿದರೆ ಈ ಮೆಷಿನ್ ಸಾಲದು. ಅರ್ಧ ಗಂಟೆ ಬಿಡದೆ ಓಡಿಸಿದರೆ ಮೋಟರ್ ಬಿಸಿಯಾಗುತ್ತದೆ, ಹತ್ತು ನಿಮಿಷ ಬಿಡುವು ಕೊಡಲೇಬೇಕು. ವೇಗ ಹೆಚ್ಚಿಸಿದರೆ ಹಗುರ ಮೈ ಮೇಜಿನ ಮೇಲೆ ಸರಿದಾಡುತ್ತದೆ, ಕೆಳಗೆ ರಬ್ಬರ್ ಹಾಳೆ ಹಾಸಬೇಕು. ಆ ಹಂತಕ್ಕೆ ಕಬ್ಬಿಣದ ಮೈಯ ಜಿಗ್‌ಜಾಗ್ ಮೆಷಿನ್ನೇ ಸರಿ, ಆದರೆ ಅದಕ್ಕೆ ಖಾಯಂ ಜಾಗ ಬೇಕು, ಎತ್ತಿಡಲಾಗದು. ಜೀನ್ಸ್ ಮಡಿಕೆ ಹೊಲಿಯುವ ಆಸೆಯೂ ಡ್ರೀಮ್ ಸ್ಟಿಚ್‌ನಿಂದ ಬೇಡ. ಓವರ್‌ಲಾಕ್ ಕೆಲಸಕ್ಕೆ ಬೇರೆ ಮೆಷಿನ್ ಇದೆ.

ಕೊಳ್ಳುವ ಮೊದಲು ಸಾಮಾನ್ಯ ಸೇವಾ ಕೇಂದ್ರದಲ್ಲಿ ಪಿಎಂ ವಿಶ್ವಕರ್ಮ ಬಗ್ಗೆ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಸಲಕರಣೆಗೆ 15,000 ರೂಪಾಯಿವರೆಗಿನ ಇ-ವೋಚರ್, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ ಅದರಲ್ಲಿ ಸೇರಿದೆ. ಒಂದು ಕುಟುಂಬಕ್ಕೆ ಒಬ್ಬರಿಗೇ ಅವಕಾಶ.

ಎಣ್ಣೆ ಹಾಕುವುದು ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ, ಒಂದೇ ಹನಿ, ಅದೂ ರಾತ್ರಿ. ಬಾಬಿನ್ ಕೇಸು ತೆಗೆದು ಬ್ರಷ್‌ನಿಂದ ನೂಲಿನ ಧೂಳು ಹೊರಗೆ ಎಳೆದು, ಆಮೇಲೆ ಎಣ್ಣೆ. ಬೆಳಿಗ್ಗೆ ಮೊದಲ ಸೀರೆಗೆ ಮುಂಚೆ ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಎರಡು ಮಾರು ಖಾಲಿ ಹೊಲಿಗೆ ಓಡಿಸಿ. ಅದರ ಮೇಲೆ ಹಳದಿ ಚುಕ್ಕೆ ಕಾಣುವುದು ನಿಂತ ಮೇಲೆಯೇ ರೇಷ್ಮೆಯನ್ನು ಪಾದದ ಕೆಳಗೆ ತನ್ನಿ.